ಫ್ಲೂ ನ್ಯುಮೋನಿಯಾ ರೋಗಿಯ ಕೇಸ್ ಶೀಟ್ ಮತ್ತು ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್

ಫ್ಲೂ ಜ್ವರ ಬಂದವರಲ್ಲಿ ಬಹುಪಾಲು ಜನ ವಾರ, ಹತ್ತು ದಿನಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಸೋಂಕು ಗಂಟಲು ದಾಟಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆ ಇಳಿದಾಗ ಏನಾಗುತ್ತದೆ, ಆಸ್ಪತ್ರೆಯಲ್ಲಿ ವೈದ್ಯರು ಏನನ್ನು ಹುಡುಕುತ್ತಾರೆ, ಯಾವ ಔಷಧಿ ಯಾವುದಕ್ಕೆ ಎಂಬುದನ್ನು ಈ ಬಾರಿ ಒಬ್ಬ ವ್ಯಕ್ತಿಯ ಜೀವನದ ಮೂಲಕ ನೋಡೋಣ. ಅವರು ಯಲ್ಲಾಪ್ರಗಡ ಸುಬ್ಬರಾವ್. ಅವರು ಫ್ಲೂ ವೈರಸ್ಸಿನ ಬಗ್ಗೆ ಸಂಶೋಧನೆ ಮಾಡಿದವರಲ್ಲ. ಆದರೂ ತೀವ್ರ ಫ್ಲೂ ನ್ಯುಮೋನಿಯಾದಿಂದ ಐಸಿಯುನಲ್ಲಿ ಮಲಗಿರುವ ರೋಗಿಯ ಕೇಸ್ ಶೀಟನ್ನು ಇಂದು ಬಿಡಿಸಿ ಓದಿದರೆ, ಅದರ ಮೂರು ನಾಲ್ಕು ಸಾಲುಗಳಾದರೂ ಇವರು ಕೈಹಾಕಿದ ಕೆಲಸಕ್ಕೆ ಹೋಗಿ ಮುಟ್ಟುತ್ತವೆ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಭೀಮವರಂನಲ್ಲಿ. ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ನಡುವೆ, ಗೋದಾವರಿ ಮುಖಜ ಭೂಮಿಯಲ್ಲಿರುವ ಊರು ಅದು. ವಿಶಾಖಪಟ್ಟಣದ ಆಚೆ ಕಡಲ ದಂಡೆಯಲ್ಲಿರುವ, ಅಲ್ಲಿನವರು ಭೀಮಿಲಿ ಎಂದು ಕರೆಯುವ ಭೀಮುನಿಪಟ್ಟಣ ಬೇರೆ. ಹೆಸರುಗಳು ಹತ್ತಿರ ಇರುವುದರಿಂದ ಇವೆರಡನ್ನೂ ಒಂದೇ ಎಂದುಕೊಳ್ಳಬೇಡಿ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದವರು. ಆರೋಗ್ಯ ಕೆಟ್ಟು ಬೇಗ ನಿವೃತ್ತರಾದರು. ಮನೆಯಲ್ಲಿ ಮಕ್ಕಳು ಹಲವರು, ಹಣ ಕಡಿಮೆ. ಹದಿಮೂರರ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು, ಕಾಶಿಯಲ್ಲಿ ಯಾತ್ರಿಕರಿಗೆ ಹಣ್ಣು ಮಾರಿ ಹಣ ಮಾಡುತ್ತೇನೆಂದು ಹೊರಟ. ತಾಯಿ ವೆಂಕಮ್ಮ ಅವನನ್ನು ಹಿಡಿದು ತಂದು ಮತ್ತೆ ಶಾಲೆಗೆ ಸೇರಿಸಿದರು. ಅವನ ಓದಿಗಾಗಿ ಆಕೆ ಒಡವೆ ಮಾರಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೇ ಯತ್ನದಲ್ಲಿ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಸನ್ಯಾಸಿಯಾಗುವ ಮನಸ್ಸಾಗಿ ರಾಮಕೃಷ್ಣ ಮಠದ ಬಾಗಿಲಿಗೂ ಹೋಗಿದ್ದರು. ತಾಯಿ ಒಪ್ಪಲಿಲ್ಲ. ವೈದ್ಯನಾಗಿ ಸೇವೆ ಮಾಡು ಎಂಬ ಸಲಹೆ ಮಠದಿಂದಲೇ ಬಂತು. ಮದ್ರಾಸ್ ವೈದ್ಯಕೀಯ ಕಾಲೇಜಿನ ಖರ್ಚಿಗೆ ಸ್ನೇಹಿತರೂ, ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು.

1918 ಬಂದಾಗ ಸುಬ್ಬರಾವ್ ಅಲ್ಲಿ ವಿದ್ಯಾರ್ಥಿ. ಆ ವರ್ಷ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಮೊದಲು ಸಾಧಾರಣವಾಗಿತ್ತು. ಮಳೆಗಾಲದ ಕೊನೆಯಲ್ಲಿ ಎರಡನೇ ಅಲೆಯಾಗಿ ಮರಳಿದಾಗ ಅದರ ಸ್ವರೂಪವೇ ಬೇರೆಯಾಗಿತ್ತು. ರೈಲು ಹಿಡಿದು ಅದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋಯಿತು. ಮೈಸೂರು ಸಂಸ್ಥಾನಕ್ಕೂ ಬೆಂಗಳೂರಿಗೂ ಬಂತು, ಮದ್ರಾಸ್ ಪ್ರಾಂತ್ಯವನ್ನೂ ವ್ಯಾಪಿಸಿತು. ಭಾರತದಲ್ಲಿ ಸತ್ತವರ ಸಂಖ್ಯೆಯನ್ನು ಸಂಶೋಧಕರು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ ಅಂದಾಜು ಮಾಡಿದ್ದಾರೆ. ಸಾಮಾನ್ಯ ಫ್ಲೂನಲ್ಲಿ ಸಾಯುವವರು ಎಳೆಯ ಮಕ್ಕಳು ಮತ್ತು ಮುದುಕರು. ಆಗ ಸತ್ತವರಲ್ಲಿ 20ರಿಂದ 40 ವಯಸ್ಸಿನ ಗಟ್ಟಿಮುಟ್ಟಾದವರೇ ಹೆಚ್ಚು.

ಆ ರೋಗಿಗಳ ಶ್ವಾಸಕೋಶದಲ್ಲಿ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂದಿನ ರೋಗಿಯಲ್ಲಿ ಆಗುವುದೂ ಅದೇ. ನಮ್ಮ ಉಸಿರುನಾಳದ ಒಳಗೋಡೆಯಲ್ಲಿ ಕೂದಲಿನಂಥ ಸಣ್ಣ ಎಳೆಗಳಿವೆ. ಧೂಳು, ಕಫ, ಗಂಟಲಿನಿಂದ ಜಾರಿದ ಬ್ಯಾಕ್ಟೀರಿಯಾ ಎಲ್ಲವನ್ನೂ ಅವು ಒಂದೇ ಸಮನೆ ಮೇಲಕ್ಕೆ ಗುಡಿಸುತ್ತಿರುತ್ತವೆ. ಫ್ಲೂ ವೈರಸ್ ಬೆಳೆಯುವುದು ಈ ಎಳೆಗಳಿರುವ ಜೀವಕೋಶಗಳ ಒಳಗೇ. ಬೆಳೆದು ಅವನ್ನು ಕೊಲ್ಲುತ್ತದೆ. ಗುಡಿಸುವವರಿಲ್ಲದ ಅಂಗಳದಂತೆ ಉಸಿರುನಾಳ ಬಯಲಾಗುತ್ತದೆ. ಮೂಗು ಮತ್ತು ಗಂಟಲಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಬದುಕಿಕೊಂಡಿದ್ದ ನ್ಯುಮೋಕಾಕಸ್, ಸ್ಟ್ರೆಪ್ಟೊಕಾಕಸ್, ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗಳು ಆ ದಾರಿಯಲ್ಲಿ ಕೆಳಗಿಳಿದು ಗಾಳಿಗೂಡುಗಳಲ್ಲಿ ನೆಲೆಯೂರುತ್ತವೆ. ಗಾಳಿ ಇರಬೇಕಾದ ಜಾಗದಲ್ಲಿ ಕೀವು, ರಕ್ತ, ನೀರು ತುಂಬುತ್ತದೆ. 1918ರ ವೈದ್ಯರು ಬರೆದಿಟ್ಟಿರುವ ನೀಲಿಗಟ್ಟಿದ ಮುಖಗಳ ವರ್ಣನೆ ಇದರದ್ದೇ: ರಕ್ತಕ್ಕೆ ಆಮ್ಲಜನಕ ಸಿಗುತ್ತಿರಲಿಲ್ಲ.

ಆ ಕಾಲದ ಶವಪರೀಕ್ಷೆಯ ಅಂಗಾಂಶಗಳನ್ನು ಅಮೆರಿಕದಲ್ಲಿ ಕಾಪಾಡಿ ಇಡಲಾಗಿತ್ತು. ಅವನ್ನೂ ಹಳೆಯ ವರದಿಗಳನ್ನೂ ವಿಜ್ಞಾನಿಗಳು ಮತ್ತೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ತೀರ್ಮಾನವೆಂದರೆ, ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ಆಗಿನವರಿಗೆ ಇದು ಅರೆಬರೆ ತಿಳಿದಿತ್ತು. ಬ್ಯಾಕ್ಟೀರಿಯಾ ಕಣ್ಣಿಗೆ ಬೀಳುತ್ತಿತ್ತು, ವೈರಸ್ ಬೀಳುತ್ತಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು ಬೇರ್ಪಡಿಸಿದ್ದು 1933ರಲ್ಲಿ. ಕಂಡ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಯೂ ವೈದ್ಯರ ಬಳಿ ಇರಲಿಲ್ಲ. ಸಲ್ಫಾ ಮಾತ್ರೆಗಳು ಬರಲು ಇನ್ನೂ ಹದಿನೈದು ವರ್ಷ ಬೇಕಿತ್ತು. ಪೆನಿಸಿಲಿನ್ ರೋಗಿಗಳ ಕೈಗೆ ಬಂದದ್ದು 1940ರ ದಶಕದಲ್ಲಿ. ಮದ್ರಾಸಿನ ವೈದ್ಯ ವಿದ್ಯಾರ್ಥಿ ಕಲಿಯುತ್ತಿದ್ದ ವೈದ್ಯಶಾಸ್ತ್ರ ಅದು: ಕಾಯಿಲೆಯ ಹೆಸರು ಹೇಳಬಲ್ಲದು, ಶುಶ್ರೂಷೆ ಮಾಡಬಲ್ಲದು, ಸೋಂಕನ್ನು ಮಾತ್ರ ತಡೆಯಲಾರದು.

ಸುಬ್ಬರಾವ್ ಅವರ ಮನೆಗೆ ಸಾವು ಬಂದದ್ದು ಬೇರೆ ದಾರಿಯಲ್ಲಿ. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಉಂಡದ್ದು ಮೈಗೆ ಹತ್ತದೆ, ಭೇದಿಯಾಗಿ, ರಕ್ತಹೀನತೆಯಿಂದ ಮನುಷ್ಯ ಕರಗಿಹೋಗುವ ಕಾಯಿಲೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಲೇಜಿನಲ್ಲಿ ಅವರು ಗಾಂಧೀಜಿಯ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೋಣೆಗೆ ಖಾದಿ ನಿಲುವಂಗಿ ಧರಿಸಿ ಹೋದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಎಂಬಿಬಿಎಸ್ ಪದವಿಯ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಗೆ ಸೇರಲಾಗಲಿಲ್ಲ. ಮದ್ರಾಸಿನಲ್ಲಿ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪಾಠ ಹೇಳುವ ಕೆಲಸ ಹಿಡಿದರು. ಅಲ್ಲಿಂದ ಅಮೆರಿಕಕ್ಕೆ ಹೋಗುವ ಯೋಚನೆ ಬೆಳೆಯಿತು. ಮಾವನ ಹಣ, ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯ್ಕರ್ ಧರ್ಮನಿಧಿಯ ನೆರವು ಸೇರಿ 1920ರ ದಶಕದ ಆರಂಭದಲ್ಲಿ ಅವರು ಬಾಸ್ಟನ್ ತಲುಪಿದರು. ಪತ್ನಿ ಶೇಷಗಿರಿ ಊರಿನಲ್ಲೇ ಉಳಿದರು. ಕೆಲವು ವರ್ಷಗಳಲ್ಲಿ ಬರುತ್ತೇನೆಂದು ಹೋದವರು ಮತ್ತೆ ಬರಲೇ ಇಲ್ಲ.

ಬಾಸ್ಟನ್‌ನಲ್ಲಿ ಅವರ ಎಲ್‌ಎಂಎಸ್‌ಗೆ ಬೆಲೆ ಇರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಪೋರ್ಟರ್ ಕೆಲಸ ಮಾಡುತ್ತ, ಹಗಲು ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾ ಓದಿದರು. ಆಮೇಲೆ ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಅವರ ಜೊತೆ ಕೆಲಸಕ್ಕೆ ಸೇರಿದರು.

ರಕ್ತದ ವರದಿಯಲ್ಲಿ ಫಾಸ್ಫರಸ್ ಎಂಬ ಸಾಲು

ಫಿಸ್ಕೆ ಮತ್ತು ಸುಬ್ಬರಾವ್ 1925ರಲ್ಲಿ ರಕ್ತ ಮತ್ತು ಮೂತ್ರದಲ್ಲಿರುವ ಫಾಸ್ಫರಸ್ ಅಂದರೆ ರಂಜಕದ ಪ್ರಮಾಣವನ್ನು ಅಳೆಯುವ ಒಂದು ವಿಧಾನ ಪ್ರಕಟಿಸಿದರು. ಮಾಲಿಬ್ಡೇಟ್ ಜೊತೆ ಫಾಸ್ಫೇಟ್ ಸೇರಿಸಿ, ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಹುಟ್ಟುತ್ತದೆ. ನೀಲಿ ಎಷ್ಟು ಗಾಢವೋ ಫಾಸ್ಫರಸ್ ಅಷ್ಟು ಹೆಚ್ಚು. ಓದುವುದಕ್ಕೆ ತೀರಾ ಸಪ್ಪೆಯಾದ ಸಂಶೋಧನೆ. ಆದರೆ ವೈದ್ಯ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಅದೂ ಒಂದು. ಇಂದಿನ ಲ್ಯಾಬ್ ಯಂತ್ರಗಳಲ್ಲಿ ಹೆಚ್ಚಿನವು ನೀಲಿ ಬಣ್ಣದ ಹಂತವನ್ನು ಕೈಬಿಟ್ಟಿವೆ. ಫಾಸ್ಫೇಟ್ ಮಾಲಿಬ್ಡೇಟ್‌ಗಳ ಸಂಯೋಗ ಮಾತ್ರ ಅದೇ.

ಇದಕ್ಕೂ ಫ್ಲೂ ನ್ಯುಮೋನಿಯಾಗೂ ಏನು ಸಂಬಂಧ? ವೆಂಟಿಲೇಟರ್ ಮೇಲಿರುವ ರೋಗಿಯ ರಕ್ತದಲ್ಲಿ ವೈದ್ಯರು ಆಗಾಗ ಫಾಸ್ಫರಸ್ ನೋಡುತ್ತಾರೆ. ವಯಸ್ಕರಲ್ಲಿ ಅದು ಡೆಸಿಲೀಟರಿಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ ಇರಬೇಕು. ಏದುಸಿರು ಬಿಡುವವರಲ್ಲಿ ಅದು ರಕ್ತದಿಂದ ಜೀವಕೋಶಗಳ ಒಳಕ್ಕೆ ಸರಿದು ಕಡಿಮೆಯಾಗುತ್ತದೆ. ನಾಲ್ಕಾರು ದಿನ ಸರಿಯಾಗಿ ಉಣ್ಣದವರಿಗೆ ನಳಿಕೆಯ ಮೂಲಕ ಆಹಾರ ಶುರು ಮಾಡಿದಾಗಲೂ ದಿಢೀರ್ ಇಳಿಯುತ್ತದೆ. ತೀರಾ ಇಳಿದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಮುಖ್ಯ ಸ್ನಾಯು, ಬಲಗುಂದುತ್ತದೆ. ಶ್ವಾಸಕೋಶ ಸುಧಾರಿಸಿದ್ದರೂ ರೋಗಿಯನ್ನು ವೆಂಟಿಲೇಟರಿನಿಂದ ಬಿಡಿಸಲು ಕಷ್ಟವಾಗುತ್ತದೆ. ಹಾಗಾಗಿ ನಿಮ್ಮವರ ಬಿಲ್ಲಿನಲ್ಲಿ ಈ ಪರೀಕ್ಷೆ ಮತ್ತೆ ಮತ್ತೆ ಕಂಡರೆ ಅದು ಅನಗತ್ಯ ಖರ್ಚು ಎಂದು ತಕ್ಷಣ ತೀರ್ಮಾನಿಸಬೇಡಿ. ಏಕೆ ಎಂದು ಕೇಳಿ, ವೈದ್ಯರು ಹೇಳುತ್ತಾರೆ.

ಫಾಸ್ಫರಸ್ಸನ್ನು ನಿಖರವಾಗಿ ಅಳೆಯಲು ಬಂದದ್ದರಿಂದಲೇ ಮುಂದಿನ ಬಾಗಿಲು ತೆರೆಯಿತು. ಸ್ನಾಯು ಕೆಲಸ ಮಾಡುವಾಗ ಫಾಸ್ಫೇಟ್ ಎಲ್ಲಿಂದಲೋ ಬಿಡುಗಡೆಯಾಗುತ್ತಿತ್ತು. ಅದರ ಮೂಲ ಹುಡುಕುತ್ತ ಹೋದ ಇಬ್ಬರೂ 1927ರಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು ಗುರುತಿಸಿದರು. ಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಗಲ್‌ಟನ್ ದಂಪತಿಯೂ ಅದರ ಸುಳಿವು ಹಿಡಿದಿದ್ದರು. 1929ರಲ್ಲಿ ಸ್ನಾಯುವಿನಿಂದ ಎಟಿಪಿ ಬೇರ್ಪಡಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನೇ ಮಾಡಿದ್ದರು. ಪ್ರತಿ ಜೀವಕೋಶವೂ ಖರ್ಚು ಮಾಡುವ ಶಕ್ತಿಯ ಚಿಲ್ಲರೆ ನಾಣ್ಯ ಎಟಿಪಿ. ಫಾಸ್ಫೇಟ್ ಇಲ್ಲದೆ ಎಟಿಪಿ ಇಲ್ಲ, ಎಟಿಪಿ ಇಲ್ಲದೆ ವಪೆ ಕುಗ್ಗದು.

ಆರೋಗ್ಯವಂತ ಮನುಷ್ಯ ಸುಮ್ಮನೆ ಕುಳಿತಿದ್ದಾಗ ದೇಹ ಬಳಸುವ ಆಮ್ಲಜನಕದಲ್ಲಿ ಉಸಿರಾಡುವ ಕೆಲಸಕ್ಕೆ ಹೋಗುವುದು ಶೇ. 5ಕ್ಕಿಂತ ಕಡಿಮೆ. ಗಾಳಿಗೂಡುಗಳಲ್ಲಿ ನೀರು ತುಂಬಿ ಶ್ವಾಸಕೋಶ ಒದ್ದೆ ಸ್ಪಂಜಿನಂತೆ ಬಿಗಿದಾಗ ಈ ಪಾಲು ಹಲವು ಪಟ್ಟು ಏರುತ್ತದೆ. ಒಳಗೆ ಬರುವ ಆಮ್ಲಜನಕವೇ ಕಡಿಮೆ, ಅದರಲ್ಲೂ ದೊಡ್ಡ ಭಾಗ ಉಸಿರಾಟಕ್ಕೇ ಖರ್ಚು. ರೋಗಿ ಹೆಗಲು, ಕುತ್ತಿಗೆಯ ಸ್ನಾಯುಗಳನ್ನೆಲ್ಲ ಬಳಸಿ ಉಸಿರೆಳೆಯುತ್ತಾನೆ. ಒಂದು ಹಂತದಲ್ಲಿ ದಣಿಯುತ್ತಾನೆ. ಏದುಸಿರು ಬಿಡುತ್ತಿದ್ದವನು ಇದ್ದಕ್ಕಿದ್ದಂತೆ ಶಾಂತನಾಗಿ ಮಂಪರಿಗೆ ಜಾರಿದರೆ ಮನೆಯವರು ಸದ್ಯ ನಿದ್ದೆ ಬಂತು ಎಂದು ಸಮಾಧಾನಪಡುವುದುಂಟು. ಅದು ಸಮಾಧಾನಪಡುವ ಹೊತ್ತಲ್ಲ, ಕೂಡಲೇ ನರ್ಸನ್ನು ಕರೆಯಿರಿ. ವೆಂಟಿಲೇಟರ್ ಶ್ವಾಸಕೋಶವನ್ನು ಗುಣಪಡಿಸುವ ಯಂತ್ರವಲ್ಲ. ದಣಿದ ಸ್ನಾಯುಗಳ ಕೆಲಸವನ್ನು ಅದು ತಾನು ವಹಿಸಿಕೊಂಡು, ಶ್ವಾಸಕೋಶಕ್ಕೆ ವಾಸಿಯಾಗಲು ಸಮಯ ಕೊಡುತ್ತದೆ. ರೋಗಿಯನ್ನು ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸುವುದೂ ಇದೇ ಉದ್ದೇಶಕ್ಕೆ: ಬೆನ್ನ ಕಡೆ ಮುಚ್ಚಿಹೋದ ಗಾಳಿಗೂಡುಗಳು ಆಗ ತೆರೆದುಕೊಳ್ಳುತ್ತವೆ.

ಹಾರ್ವರ್ಡ್ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯಕ್ಕೆ ಹೋದರು. ಕೆಲ ಕಾಲದಲ್ಲೇ ಸಂಶೋಧನಾ ನಿರ್ದೇಶಕರಾದರು. ಅವರ ಬದುಕಿನ ಕೊನೆಯ ಎಂಟು ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಔಷಧಿಗಳನ್ನು ನೋಡಿದರೆ, ಹಾರ್ವರ್ಡ್ ಮಾಡಿದ್ದು ಲೋಕಕ್ಕೆ ಉಪಕಾರವೇ ಆಯಿತೇನೋ ಎನಿಸುತ್ತದೆ. ಉಪಕಾರ ಮಾಡುವ ಉದ್ದೇಶ ಅದಕ್ಕಿರಲಿಲ್ಲ, ಅಷ್ಟೇ.

ಮೊದಲನೆಯದು ಫೋಲಿಕ್ ಆಮ್ಲ. ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಗೆ ಯೀಸ್ಟ್ ಸಾರದಲ್ಲಿ ಮದ್ದಿದೆ ಎಂದು ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಸುಮಾರು 1930ರಲ್ಲೇ ತೋರಿಸಿದ್ದರು. ಆ ಮದ್ದು ಯಾವುದೆಂದು ಬಿಡಿಸಿ, ಪ್ರಯೋಗಾಲಯದಲ್ಲಿ ತಯಾರಿಸಿದ್ದು 1945ರ ಹೊತ್ತಿಗೆ ಸುಬ್ಬರಾವ್ ಅವರ ತಂಡ. ಅದು ಸ್ಪ್ರೂ ರೋಗಿಗಳಿಗೂ ಕೆಲಸ ಮಾಡಿತು. ಸಹೋದರರನ್ನು ಕಳೆದುಕೊಂಡು ಸುಮಾರು ಕಾಲು ಶತಮಾನ ಕಳೆದಿತ್ತು.

ಎರಡನೆಯದು ಅದರ ತದ್ವಿರುದ್ಧ ವಸ್ತು. ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸವನ್ನು ತಡೆಯುವ ಅಣುಗಳನ್ನು ಇದೇ ತಂಡ ತಯಾರಿಸಿತು. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅವುಗಳಲ್ಲೊಂದಾದ ಅಮಿನೊಪ್ಟೆರಿನ್ ಅನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು, ಕಾಯಿಲೆ ತಾತ್ಕಾಲಿಕವಾಗಿ ಹಿಮ್ಮೆಟ್ಟುವುದನ್ನು 1948ರಲ್ಲಿ ವರದಿ ಮಾಡಿದರು. ಅದರ ಹತ್ತಿರದ ಬಂಧು ಮೆಥೊಟ್ರೆಕ್ಸೇಟ್. ಇಂದು ಅದು ಕ್ಯಾನ್ಸರಿಗಷ್ಟೇ ಅಲ್ಲ, ರುಮಟಾಯ್ಡ್ ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಸಣ್ಣ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಕೊಡುವ ಮಾತ್ರೆ. ನಿಮ್ಮ ಮನೆಯಲ್ಲಿ ಯಾರಾದರೂ ಅದನ್ನು ತೆಗೆದುಕೊಳ್ಳುತ್ತಿದ್ದರೆ, ಜೊತೆಯಲ್ಲಿ ವೈದ್ಯರು ಬರೆದಿರುವ ಇನ್ನೊಂದು ಮಾತ್ರೆ ಫೋಲಿಕ್ ಆಮ್ಲವೇ ಆಗಿರುತ್ತದೆ. ಒಂದೇ ಪ್ರಯೋಗಾಲಯದ ಎರಡು ಔಷಧಿಗಳು ಒಂದೇ ಚೀಟಿಯಲ್ಲಿ.

ಇಲ್ಲಿ ಫ್ಲೂ ಮತ್ತೆ ಬರುತ್ತದೆ. ಮೆಥೊಟ್ರೆಕ್ಸೇಟ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಸಂಧಿವಾತವಿದ್ದು ಇಂಥ ಔಷಧಿ ತೆಗೆದುಕೊಳ್ಳುವವರಿಗೆ ಫ್ಲೂ ಬಂದರೆ ನ್ಯುಮೋನಿಯಾಗೆ ತಿರುಗುವ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಅವರು ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು. ನ್ಯುಮೋಕಾಕಸ್ ಲಸಿಕೆಯ ಬಗ್ಗೆಯೂ ಕೇಳಬೇಕು. ಲಸಿಕೆಯ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿದರೆ ಲಸಿಕೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆಂದು ಅಧ್ಯಯನಗಳಿವೆ. ಆದರೆ ಅದನ್ನು ನಿರ್ಧರಿಸಬೇಕಾದವರು ನಿಮ್ಮ ವೈದ್ಯರು, ಏಕೆಂದರೆ ಕೆಲವರಿಗೆ ಮಾತ್ರೆ ನಿಂತೊಡನೆ ಕೀಲುನೋವು ಕೆರಳುತ್ತದೆ. ಇನ್ನೊಂದು ಮಾತು. ಇದೇ ಔಷಧಿ ಅಪರೂಪಕ್ಕೆ ಶ್ವಾಸಕೋಶದಲ್ಲಿ ಉರಿಯೂತ ಉಂಟುಮಾಡಿ ಒಣಕೆಮ್ಮು, ಜ್ವರ, ಉಬ್ಬಸ ತರುತ್ತದೆ; ನೋಡಲು ಥೇಟ್ ಫ್ಲೂ ನ್ಯುಮೋನಿಯಾದಂತೆ. ಆಸ್ಪತ್ರೆಗೆ ಹೋದಾಗ ಈ ಮಾತ್ರೆಯ ಹೆಸರನ್ನು ತಪ್ಪದೆ ಹೇಳಿ.

ಮೂರನೆಯದನ್ನು ಕರಾವಳಿಯವರು ಬಲ್ಲರು. 1947ರಲ್ಲಿ ಹೊರಬಂದ ಡೈಈಥೈಲ್ ಕಾರ್ಬಮಜಿನ್, ಅಂದರೆ ಡಿಇಸಿ ಮಾತ್ರೆ, ಆನೆಕಾಲು ರೋಗಕ್ಕೆ. ಆಂಧ್ರದ ಕರಾವಳಿಯಲ್ಲೂ ಕರ್ನಾಟಕದ ಕೆಲವು ಜಿಲ್ಲೆಗಳಲ್ಲೂ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ನುಂಗಿಸಿ ಹೋಗುವ ಮಾತ್ರೆ ಅದೇ. ರಾತ್ರಿ ಹೊತ್ತು ಕೆರಳುವ ಕೆಮ್ಮು, ಉಬ್ಬಸ, ರಕ್ತದಲ್ಲಿ ವಿಪರೀತ ಇಯೊಸಿನೊಫಿಲ್ ಇದ್ದು ಆಸ್ತಮಾ ಎಂದು ವರ್ಷಗಟ್ಟಲೆ ಚಿಕಿತ್ಸೆ ಪಡೆಯುವ ಕೆಲವರಿಗೂ ನಿಜವಾಗಿ ಬೇಕಾಗಿರುವುದು ಇದು.

ಮಣ್ಣಿನಿಂದ ಬಂದ ಹಳದಿ ಪುಡಿ

ಸುಬ್ಬರಾವ್ ಅವರ ವಿಭಾಗದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಇದ್ದರು. ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕೆಲಸಕ್ಕೆ ಬಂದವರು. ಅಲ್ಲಲ್ಲಿಂದ ಮಣ್ಣಿನ ಮಾದರಿ ತರಿಸಿ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಎಂದು ಒಂದೊಂದಾಗಿ ಪರೀಕ್ಷಿಸುವುದು ಅವರ ಕೆಲಸ. 1945ರಲ್ಲಿ ಮಿಸೌರಿಯ ಒಂದು ಕೃಷಿ ಪ್ರಯೋಗದ ಹೊಲದ ಮಣ್ಣಿನಲ್ಲಿ ಬಂಗಾರದ ಬಣ್ಣದ ಸೂಕ್ಷ್ಮಜೀವಿಯೊಂದು ಸಿಕ್ಕಿತು. ಅದರಿಂದ ಬಂದ ಔಷಧಿಗೆ ಬಂಗಾರದ ಹೆಸರನ್ನೇ ಇಟ್ಟು ಆರಿಯೊಮೈಸಿನ್ ಎಂದರು. ಟೆಟ್ರಾಸೈಕ್ಲಿನ್ ಎಂಬ ದೊಡ್ಡ ಕುಟುಂಬದ ಹಿರಿಯಕ್ಕ ಅದು. ಫೋನಿನಲ್ಲಿ ಹರಿದಾಡುವ ಸಂದೇಶಗಳು ಇದನ್ನು ಸುಬ್ಬರಾವ್ ಒಬ್ಬರೇ ಕಂಡುಹಿಡಿದರು ಎನ್ನುತ್ತವೆ. ಕಂಡವರು ಡಗ್ಗರ್, ಹುಡುಕಾಟವನ್ನು ನಡೆಸಿ, ಅದು ಔಷಧಿಯಾಗುವಂತೆ ನೋಡಿಕೊಂಡವರು ಸುಬ್ಬರಾವ್. ಅವರ ನಿಜವಾದ ಸಾಧನೆಯೇ ಬೇಕಾದಷ್ಟಿರುವಾಗ ಇನ್ನೊಬ್ಬರದನ್ನು ಸೇರಿಸುವ ಅಗತ್ಯವಿಲ್ಲ.

ಆಗ ಪೆನಿಸಿಲಿನ್ ಸಾಮಾನ್ಯವಾಗಿ ಚುಚ್ಚುಮದ್ದಾಗಿ ಸಿಗುತ್ತಿತ್ತು, ಕೆಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ಮಾತ್ರ ನಾಟುತ್ತಿತ್ತು. ಆರಿಯೊಮೈಸಿನ್ ಅನ್ನು ಬಾಯಿಯ ಮೂಲಕ ಕೊಡಬಹುದಿತ್ತು. ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನ್ ತಯಾರಿಸಿಕೊಳ್ಳುವುದನ್ನೇ ಅದು ನಿಲ್ಲಿಸುತ್ತಿತ್ತು. ಹಲವು ಬಗೆಯ ನ್ಯುಮೋನಿಯಾಗಳಿಗೆ, ಪೆನಿಸಿಲಿನ್ ಮುಟ್ಟದ ರಿಕೆಟ್ಸಿಯಾ ಜ್ವರಗಳಿಗೂ ಕೆಲಸ ಮಾಡುತ್ತಿತ್ತು. 1918ರಲ್ಲಿ ಇಲ್ಲದಿದ್ದದ್ದು ಕೊನೆಗೂ ಕೈಗೆ ಬಂದಿತ್ತು. 1948ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನು ವಿಜ್ಞಾನಿಗಳ ಮುಂದೆ ಇಟ್ಟರು. ಕೆಲವೇ ವಾರಗಳ ನಂತರ, ಆಗಸ್ಟ್‌ನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 53 ವರ್ಷ. ಭಾರತೀಯರು ಅಮೆರಿಕದ ಪೌರತ್ವ ಪಡೆಯಲು 1946ರಲ್ಲಿ ಕಾನೂನು ಅವಕಾಶ ಕೊಟ್ಟಿದ್ದರೂ ಅವರು ಪಡೆದಿರಲಿಲ್ಲ. ಭಾರತ ಸರ್ಕಾರ ಅವರ ಅಂಚೆಚೀಟಿ ತಂದದ್ದು 1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ.

ಮುಂದಿನ ದೊಡ್ಡ ಫ್ಲೂ ಬಂದದ್ದು 1957ರಲ್ಲಿ. ಮೇ ತಿಂಗಳಲ್ಲಿ ಸಿಂಗಪುರದಿಂದ ಬಂದ ಹಡಗಿನ ಮೂಲಕ ಅದು ಭಾರತದೊಳಕ್ಕೆ ಕಾಲಿಟ್ಟ ಬಂದರು ಮದ್ರಾಸ್. ಆ ಹೊತ್ತಿಗೆ ಜಗತ್ತಿನ ಆಸ್ಪತ್ರೆಗಳಲ್ಲಿ ಆಂಟಿಬಯಾಟಿಕ್‌ಗಳಿದ್ದವು. ಅವು ಅಸಂಖ್ಯ ಜನರನ್ನು ಉಳಿಸಿದವು. ಆದರೆ ಎಳೆಯ ವಯಸ್ಸಿನವರನ್ನೂ ಒಂದೆರಡು ದಿನದಲ್ಲಿ ಕೊಂಡೊಯ್ದ ಸ್ಟೆಫೈಲೋಕಾಕಸ್ ನ್ಯುಮೋನಿಯಾಗಳನ್ನು ವೈದ್ಯರು ಆಗ ಕಂಡರು. ಆ ಬ್ಯಾಕ್ಟೀರಿಯಾದ ಹಲವು ತಳಿಗಳು ಪೆನಿಸಿಲಿನ್‌ಗೆ ಬಗ್ಗದಂತಾಗಿದ್ದವು, ಕೆಲವು ಟೆಟ್ರಾಸೈಕ್ಲಿನ್‌ಗೂ. ಔಷಧಿ ಬಂದು ಹತ್ತು ವರ್ಷವೂ ತುಂಬಿರಲಿಲ್ಲ.

2009ರ ಎಚ್1ಎನ್1 ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದೇಶದ ಮೊದಲ ಪ್ರಕರಣ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಖಚಿತವಾಯಿತು. ಮೊದಲ ಸಾವು ಆಗಸ್ಟ್‌ನಲ್ಲಿ ಪುಣೆಯಲ್ಲಿ. ಆ ವರ್ಷ ಐಸಿಯು ಸೇರಿದವರಲ್ಲಿ ವೈದ್ಯರು ಹೆಚ್ಚಾಗಿ ಕಂಡದ್ದು ವೈರಸ್ಸೇ ನೇರವಾಗಿ ಮಾಡಿದ ನ್ಯುಮೋನಿಯಾ. ಎರಡೂ ಶ್ವಾಸಕೋಶಗಳು ಒಂದೆರಡು ದಿನದಲ್ಲಿ ನೀರು ತುಂಬಿ ಬೆಳ್ಳಗೆ ಕಾಣುವ ಎಕ್ಸ್‌ರೇಗಳು, ಎಷ್ಟು ಆಮ್ಲಜನಕ ಕೊಟ್ಟರೂ ಮೇಲೇರದ ಪ್ರಮಾಣ. ಇದನ್ನು ವೈದ್ಯರು ಎಆರ್‌ಡಿಎಸ್ ಎನ್ನುತ್ತಾರೆ. ಗರ್ಭಿಣಿಯರು, ಬಹಳ ದಪ್ಪ ಇರುವವರು, ಮಧುಮೇಹ ಅಥವಾ ಆಸ್ತಮಾ ಇರುವವರು ಹೆಚ್ಚು ತೊಂದರೆಗೆ ಸಿಕ್ಕಿದರು. ಬ್ಯಾಕ್ಟೀರಿಯಾ ಹೋಗಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಸತ್ತ 77 ಜನರ ಶ್ವಾಸಕೋಶದ ಅಂಗಾಂಶ ಪರೀಕ್ಷಿಸಿದಾಗ 22 ಜನರಲ್ಲಿ ವೈರಸ್ ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ಇತ್ತು.

ಹಾಗಾಗಿಯೇ ಇಂದು ತೀವ್ರ ಫ್ಲೂ ನ್ಯುಮೋನಿಯಾ ರೋಗಿಗೆ ಎರಡು ಬಗೆಯ ಔಷಧಿಗಳನ್ನು ಒಟ್ಟಿಗೆ ಶುರು ಮಾಡುತ್ತಾರೆ. ವೈರಸ್‌ಗೆ ಒಸೆಲ್ಟಾಮಿವಿರ್. ಜ್ವರ ಬಂದ 48 ಗಂಟೆಯೊಳಗೆ ಕೊಟ್ಟರೆ ಅದರ ಉಪಯೋಗ ಹೆಚ್ಚು. ಆಸ್ಪತ್ರೆ ಸೇರುವಷ್ಟು ಕಾಯಿಲೆ ಇದ್ದರೆ ತಡವಾಗಿದ್ದರೂ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಕೊಡುತ್ತಾರೆ. ಬ್ಯಾಕ್ಟೀರಿಯಾಗೆ ಆಂಟಿಬಯಾಟಿಕ್. ದಕ್ಷಿಣ ಭಾರತದ ಐಸಿಯುಗಳಲ್ಲಿ ಅವುಗಳ ಜೊತೆ ಡಾಕ್ಸಿಸೈಕ್ಲಿನ್ ಇದ್ದರೆ ಆಶ್ಚರ್ಯಪಡಬೇಡಿ. ಆರಿಯೊಮೈಸಿನ್ ಕುಟುಂಬದ ಕಿರಿಯ ಸದಸ್ಯ ಅದು. ಆಂಧ್ರ, ಕರ್ನಾಟಕದ ಹಳ್ಳಿಗಳಲ್ಲಿ ಮಳೆಗಾಲದ ನಂತರ ಕಾಣುವ ಸ್ಕ್ರಬ್ ಟೈಫಸ್ ಜ್ವರವೂ ಥೇಟ್ ಇದೇ ರೀತಿ ಉಸಿರಾಟ ಕೆಡಿಸುತ್ತದೆ, ಮತ್ತು ಅದಕ್ಕೆ ಮದ್ದು ಇದೇ. ರೋಗಿಯ ಮೈಮೇಲೆ, ಬಟ್ಟೆ ಮುಚ್ಚುವ ಜಾಗಗಳಲ್ಲಿ, ಸಿಗರೇಟಿನಿಂದ ಸುಟ್ಟಂಥ ನೋವಿಲ್ಲದ ಕಪ್ಪು ಹಕ್ಕಳೆ ಇದ್ದರೆ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ನೀವು ಗಮನಿಸಬೇಕಾದದ್ದು ಮುಖ್ಯವಾಗಿ ಒಂದು ಬಗೆಯ ಏರಿಳಿತ. ಫ್ಲೂ ಬಂದು, ನಾಲ್ಕೈದು ದಿನಕ್ಕೆ ಜ್ವರ ಇಳಿದು, ರೋಗಿ ಎದ್ದು ಓಡಾಡಿ, ಮತ್ತೆ ಚಳಿಜ್ವರ ಏರಿ ಹಳದಿ ಅಥವಾ ರಕ್ತ ಬೆರೆತ ಕಫ ಬಂದರೆ ಅದು ಹಳೆಯ ಜ್ವರದ ಉಳಿಕೆ ಅಲ್ಲ, ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಮಾತಾಡುತ್ತ ವಾಕ್ಯದ ನಡುವೆ ಉಸಿರು ನಿಲ್ಲಿಸಬೇಕಾಗುವುದು, ತುಟಿ ನೀಲಿಯಾಗುವುದು, ಎದೆನೋವು, ಗೊಂದಲ, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ ಇಳಿಯುವುದು, ಮಗುವಿನ ಪಕ್ಕೆ ಉಸಿರಿಗೊಮ್ಮೆ ಒಳಕ್ಕೆ ಸೇದುವುದು: ಇವುಗಳಲ್ಲಿ ಯಾವುದೇ ಒಂದಿದ್ದರೂ ಕಾಯಬೇಡಿ. ಇದಾವುದೂ ಇಲ್ಲದ ಸಾಧಾರಣ ಫ್ಲೂಗೆ ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯಾಟಿಕ್ ತಂದು ನುಂಗಬೇಡಿ. ವೈರಸ್ಸಿಗೆ ಅದು ನಾಟುವುದಿಲ್ಲ, ಮೈಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದನ್ನು ಎದುರಿಸುವ ಅಭ್ಯಾಸವಾಗುತ್ತದೆ.

ಆಸ್ಪತ್ರೆಯಲ್ಲಿ ಶುರು ಮಾಡಿದ ಆಂಟಿಬಯಾಟಿಕ್ ಅನ್ನು ಎರಡು ಮೂರು ದಿನಗಳ ನಂತರ ವೈದ್ಯರೇ ನಿಲ್ಲಿಸಬಹುದು. ಕಫ ಮತ್ತು ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ, ರೋಗಿಯ ಸ್ಥಿತಿಯೂ ಸುಧಾರಿಸುತ್ತಿದ್ದರೆ ಹಾಗೆ ಮಾಡುತ್ತಾರೆ. ಅದನ್ನು ಚಿಕಿತ್ಸೆ ಕೈಬಿಟ್ಟರು ಎಂದು ತಿಳಿದು ಗಾಬರಿಯಾಗಬೇಡಿ. ಒಸೆಲ್ಟಾಮಿವಿರ್, ಆಮ್ಲಜನಕ, ಬೋರಲು ಮಲಗಿಸುವುದು, ದಿನವೂ ಬೆಳಿಗ್ಗೆ ತೆಗೆಯುವ ರಕ್ತದಲ್ಲಿ ಫಾಸ್ಫರಸ್ ನೋಡುವುದು, ಇವೆಲ್ಲ ಮುಂದುವರಿಯುತ್ತವೆ.